ನಲವತ್ತರಲ್ಲಿ ಹಳದಿ ಬೆಲ್ಟ್: ಪರೀಕ್ಷಕರು ನಿಜಕ್ಕೂ ಏನು ನೋಡುತ್ತಾರೆ?

ಪ್ರಶ್ನೆ: ನಾನು ವಿಜಯಪುರದವಳು. ವಯಸ್ಸು 40, ಹೈಸ್ಕೂಲ್ ಶಿಕ್ಷಕಿ. ಮಗನನ್ನು ಕರಾಟೆ ಕ್ಲಾಸಿಗೆ ಬಿಡಲು ಹೋಗ್ತಾ ಹೋಗ್ತಾ ನಾನೂ ಸೇರಿಕೊಂಡೆ. ಶೋಟೋಕಾನ್ ಶೈಲಿ. ಇನ್ನು ಮೂರು ವಾರಕ್ಕೆ ಹಳದಿ ಬೆಲ್ಟ್ ಪರೀಕ್ಷೆ ಇದೆ. ಹೇಯಾನ್ ಶೋದಾನ್ ಕಾತಾ, ಅಂದರೆ ಕ್ರಮ ತಪ್ಪದೆ ಮಾಡುವ ಚಲನೆಗಳ ಸರಣಿ, ಮನೆಯಲ್ಲಿ ಸರಿಯಾಗಿ ಬರುತ್ತದೆ. ಕ್ಲಾಸಿನಲ್ಲಿ ಮಾತ್ರ ನಡುವೆ ತಿರುಗುವಾಗ ಎತ್ತ ಹೋಗಬೇಕೋ ತಿಳಿಯುವುದಿಲ್ಲ. ಮಗ ಪಕ್ಕದಿಂದ ‘ಮಮ್ಮಿ, ಎಡಕ್ಕ, ಎಡಕ್ಕ’ ಅನ್ನುತ್ತಾನೆ, ಉಳಿದ ಮಕ್ಕಳು ನಗುತ್ತಾರೆ. ಜೋರಾಗಿ ಕೂಗಲು ನಾಚಿಕೆ. ಬಲ ಮೊಣಕಾಲು ಆಗಾಗ ನೋಯುತ್ತದೆ. ನಮ್ಮ ಓಣಿಯವರು ‘ರೊಕ್ಕ ಕಟ್ಟಿದರ ಎಲ್ಲಾರೂ ಪಾಸ್’ ಅನ್ನುತ್ತಾರೆ. ಪರೀಕ್ಷಕರು ಏನು ನೋಡುತ್ತಾರೆ? ಸರ್ಟಿಫಿಕೇಟ್ ಮುಂದೆ ಮಗನ ಉಪಯೋಗಕ್ಕೆ ಬರುತ್ತದೆಯೇ? ನಾನು ಈ ಸಲ ಕೂರಲೇ, ಮುಂದಕ್ಕೆ ಹಾಕಲೇ?

ಉತ್ತರ: ಈ ಸಲವೇ ಕೂರಿ, ಮೇಡಂ. ಷರತ್ತು ಒಂದೇ, ಮೊಣಕಾಲು. ಮರೆವು ಮತ್ತು ಮೊಣಕಾಲು ನೋವು ಎರಡು ಬೇರೆ ಬೇರೆ ತೊಂದರೆ ಅಂತ ನೀವು ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಎರಡೂ ಕಾತಾದ ಒಂದೇ ಜಾಗದಲ್ಲಿ ಬಂದು ಸೇರುತ್ತವೆ. ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ಹೇಯಾನ್ ಶೋದಾನ್‌ನಲ್ಲಿ ಒಟ್ಟು 21 ಚಲನೆ. ಮೇಲಿನಿಂದ ನೋಡಿದರೆ ನೆಲದ ಮೇಲೆ ಇಂಗ್ಲಿಷಿನ ದೊಡ್ಡ ‘ಐ’ ಅಕ್ಷರ ಬರೆದಂತೆ ನಡೆಯುತ್ತೀರಿ. ಎರಡು ಕಡೆ ಕೂಗು, ಅಂದರೆ ಕಿಯಾಯ್ ಬರುತ್ತದೆ. ಒಂಬತ್ತನೆಯದು, ಅಂದರೆ ಮೂರನೇ ಆಗೆ ಉಕೆ (ಕೈ ಮೇಲೆತ್ತಿ ತಡೆಯುವುದು). ಮತ್ತೆ ಹದಿನೇಳನೆಯದು, ಮೂರನೇ ಓಯ್ ಝುಕಿ (ಹೆಜ್ಜೆ ಮುಂದಿಟ್ಟು ಗುದ್ದುವುದು). ಈಗ ಗಮನಿಸಿ. ಈ ಕಾತಾದಲ್ಲಿ ಮುಕ್ಕಾಲು ಸುತ್ತು, ಅಂದರೆ 270 ಡಿಗ್ರಿ ತಿರುಗುವುದು ಎರಡೇ ಕಡೆ. ಎರಡೂ ಕೂಗಿನ ಬೆನ್ನಿಗೇ ಬರುತ್ತವೆ. ಮೂರು ಹೆಜ್ಜೆ ಮುಂದೆ ನುಗ್ಗಿರುತ್ತೀರಿ, ಕೂಗಿ ಉಸಿರು ಖಾಲಿ ಮಾಡಿರುತ್ತೀರಿ, ಆ ಕ್ಷಣದಲ್ಲೇ ಕಾತಾದ ಅತಿ ದೊಡ್ಡ ತಿರುವು ಎದುರಿಗೆ ನಿಲ್ಲುತ್ತದೆ. ನಾನು ಬೆಳಗಾವಿಯಲ್ಲಿ ಕಲಿಸುತ್ತೇನೆ, ಪರೀಕ್ಷೆಗಳಲ್ಲಿ ಟೇಬಲ್ಲಿನ ಈಚೆ ಕೂರುತ್ತೇನೆ. ಬಿಳಿ ಬೆಲ್ಟಿನವರು ಕಾತಾದಲ್ಲಿ ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ. ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಹತ್ತು ವರ್ಷದ ಮಕ್ಕಳೂ ಇಲ್ಲೇ ಗಕ್ಕನೆ ನಿಲ್ಲುತ್ತಾರೆ.

ಗೊಂದಲಕ್ಕೆ ಇನ್ನೊಂದು ಕಾರಣ ಇದೆ. ಆ ಹೊತ್ತಿಗೆ ನಿಮ್ಮ ಬಲಗಾಲು ಮುಂದಿರುತ್ತದೆ. ಎಡಗಾಲನ್ನು ಬೆನ್ನ ಹಿಂದಿನಿಂದ ಬಲಗಡೆಗೆ ತರಬೇಕು, ಮೈ ಮಾತ್ರ ಎಡಕ್ಕೆ ಸುತ್ತಬೇಕು. ತಿರುಗುವುದು ಎಡಕ್ಕೆ, ಹೋಗಿ ನಿಲ್ಲುವುದು ಮೊದಲು ಬಲಗಡೆ ಇದ್ದ ದಿಕ್ಕಿಗೆ. ಮಗ ‘ಎಡಕ್ಕ’ ಅಂದದ್ದು ಸರಿಯೇ. ನಿಮ್ಮ ಮನಸ್ಸು ‘ಬಲಕ್ಕೆ ಹೋಗಬೇಕು’ ಅಂದದ್ದೂ ಸರಿಯೇ. ಇಬ್ಬರೂ ಸರಿ ಇರುವುದರಿಂದಲೇ ಕಾಲು ನಿಂತುಬಿಡುತ್ತದೆ. ಎಡ, ಬಲ ಅನ್ನುವ ಮಾತನ್ನು ಬಿಟ್ಟುಬಿಡಿ. ‘ಎಡ ಭುಜ ಹಿಂದಕ್ಕೆ’ ಅಂತ ಒಂದೇ ಮಾತು ಇಟ್ಟುಕೊಳ್ಳಿ. ಎರಡು ತಿರುವಿಗೂ ಅದೇ ಸಾಕು.

ಎರಡೂ ತಿರುವಿನಲ್ಲಿ ಮೈಭಾರ ಹೊತ್ತು ತಿರುಗುವುದು ಬಲಗಾಲು. ನಿಮಗೆ ನೋಯುವುದೂ ಬಲ ಮೊಣಕಾಲೇ. ಮನಸ್ಸು ಮರೆಯುವ ಮೊದಲೇ ಕಾಲು ಅಂಜುತ್ತಿರಬಹುದು, ಅಲ್ವಾ? ಕಾಲು ತಡೆದು ನಿಂತರೆ ‘ಮರೆತುಹೋಯಿತು’ ಅಂತ ನಮಗೆ ಅನಿಸುತ್ತದೆ. ಪರೀಕ್ಷಿಸಿ ನೋಡಿ. ಕೈ ಚಲನೆ ಎಲ್ಲ ಬಿಡಿ, ಸೊಂಟದ ಮೇಲೆ ಕೈ ಇಟ್ಟು ಬರೀ ಆ ತಿರುವು ಮಾಡಿ. ಮೊದಲು ನಿಲುವನ್ನು ತುಸು ಎತ್ತರಿಸಿ, ಬಲಗಾಲಿನ ಭಾರ ಹಗುರ ಮಾಡಿ. ಎಡಗಾಲನ್ನು ಹಿಂದಿನಿಂದ ದಾಟಿಸಿ. ಆಮೇಲೆ ಪಾದ, ಮೊಣಕಾಲು, ಸೊಂಟ ಮೂರೂ ಒಟ್ಟಿಗೆ ತಿರುಗಲಿ. ಪಾದ ನೆಲಕ್ಕೆ ಕಚ್ಚಿಕೊಂಡು ಸೊಂಟ ಮಾತ್ರ ತಿರುಗಿದರೆ ಆ ತಿರುಚು ಪೂರ್ತಿ ಮೊಣಕಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಮಾಳಿಗೆಯ ಒರಟು ಸಿಮೆಂಟಿನ ಮೇಲೆ ಬರಿಗಾಲಲ್ಲಿ ಈ ತಿರುವು ಅಭ್ಯಾಸ ಮಾಡಬೇಡಿ. ಮನೆಯೊಳಗಿನ ನುಣುಪು ಫರಸಿ ಒಳ್ಳೆಯದು. ತಿರುಗಿ ನಿಂತ ಮೇಲೆ ಒಮ್ಮೆ ಕೆಳಗೆ ನೋಡಿಕೊಳ್ಳಿ. ಮುಂದಿನ ಮೊಣಕಾಲು ಹೆಬ್ಬೆರಳಿನ ನೇರಕ್ಕೆ ಇರಬೇಕು, ಒಳಗೆ ಬಾಗಿರಬಾರದು.

ಮನೆಯಲ್ಲಿ ಬಂದದ್ದು ಕ್ಲಾಸಿನಲ್ಲಿ ಯಾಕೆ ಬರುವುದಿಲ್ಲ? ಮನೆಯಲ್ಲಿ ನೀವು ದಿನಾ ಒಂದೇ ಕಡೆ ಮುಖ ಮಾಡಿ ಶುರು ಮಾಡುತ್ತಿರಬೇಕು. ಮೊದಲ ತಿರುವು ಟಿವಿ ಕಡೆ, ಎರಡನೆಯದು ಅಡುಗೆಮನೆ ಬಾಗಿಲ ಕಡೆ ಅಂತ ಮೈ ಕಲಿತುಬಿಟ್ಟಿರುತ್ತದೆ. ಕ್ಲಾಸಿನ ಹಾಲ್‌ನಲ್ಲಿ ಆ ಟಿವಿಯೂ ಇಲ್ಲ, ಆ ಬಾಗಿಲೂ ಇಲ್ಲ. ನಾಳೆಯಿಂದ ಒಂದು ಸಲ ಬಾಗಿಲ ಕಡೆ, ಒಂದು ಸಲ ಗೋಡೆ ಕಡೆ, ಹೀಗೆ ನಾಲ್ಕೂ ದಿಕ್ಕಿಗೆ ನಿಂತು ಶುರು ಮಾಡಿ. ಮೊದಮೊದಲು ಕೆಡುತ್ತದೆ. ಕೆಡಲಿ ಬಿಡಿ, ಮೂರು ವಾರ ಬೇಕಾದಷ್ಟಾಯಿತು.

ಶುರು ಮಾಡುವ ಜಾಗದಲ್ಲಿ ರಂಗೋಲಿ ಪುಡಿಯ ಒಂದು ಚುಕ್ಕಿ ಇಡಿ. ಈ ಕಾತಾ ಶುರುವಾದ ಜಾಗಕ್ಕೇ ಬಂದು ಮುಗಿಯಬೇಕು. ಚುಕ್ಕಿಯಿಂದ ಒಂದು ಹೆಜ್ಜೆ ಆಚೆ ಮುಗಿಸಿದರೆ, ಹೋಗುವಾಗಿನ ಹೆಜ್ಜೆ ಮತ್ತು ಬರುವಾಗಿನ ಹೆಜ್ಜೆಯ ಉದ್ದ ಬೇರೆ ಆಗಿದೆ ಅಂತ ಅರ್ಥ. ನೋವಿರುವ ಕಾಲನ್ನು ಮುಂದಿಡುವ ಹೆಜ್ಜೆ ಚಿಕ್ಕದಾಗುವುದು ಸಾಮಾನ್ಯ. ಯಾರ ಸಹಾಯವೂ ಇಲ್ಲದೆ ನಿಮ್ಮ ತಪ್ಪು ನಿಮಗೇ ಕಾಣುತ್ತದೆ.

ಇನ್ನು ಪರೀಕ್ಷಕರ ಕಣ್ಣು. ಕೈ ಎಷ್ಟು ಜೋರಾಗಿ ಬೀಸಿತು ಅಂತ ನೋಡುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ನಾನು ಮೊದಲು ನೋಡುವುದು ಪಾದ. ಝೆನ್‌ಕುತ್ಸು ದಾಚಿಯಲ್ಲಿ, ಅಂದರೆ ಮುಂದಿನ ಮೊಣಕಾಲು ಬಾಗಿಸಿದ ಉದ್ದ ನಿಲುವಿನಲ್ಲಿ, ಭಾರ ಸುಮಾರು 60 ಭಾಗ ಮುಂದಿನ ಕಾಲಿನ ಮೇಲೆ, 40 ಭಾಗ ಹಿಂದೆ. ಹಿಂದಿನ ಹಿಮ್ಮಡಿ ನೆಲಕ್ಕೆ ಕೂತಿದೆಯೇ? ಎರಡು ಪಾದದ ನಡುವೆ ಸೊಂಟದಷ್ಟು ಅಗಲ ಇದೆಯೇ, ಅಥವಾ ಹಗ್ಗದ ಮೇಲೆ ನಡೆಯುವವರ ಹಾಗೆ ಒಂದೇ ಗೆರೆಯಲ್ಲಿದೆಯೇ? ಕಾತಾದ ಕೊನೆಯ ನಾಲ್ಕು ಶುತೊ ಉಕೆಗೆ (ಬಿಚ್ಚಿದ ಅಂಗೈಯ ಅಂಚಿನಿಂದ ತಡೆಯುವುದು) ನಿಲುವು ಕೊಕುತ್ಸು ದಾಚಿ. ಅಲ್ಲಿ ಲೆಕ್ಕ ಉಲ್ಟಾ, 70 ಭಾಗ ಹಿಂದಿನ ಕಾಲಿಗೆ. ಬಹಳ ಜನ ಆ ನಾಲ್ಕನ್ನೂ ಅರ್ಧಂಬರ್ಧ ನಿಲುವಿನಲ್ಲಿ ಮುಗಿಸಿಬಿಡುತ್ತಾರೆ. ಮುಗಿಯಿತಲ್ಲ ಅನ್ನುವ ಸಮಾಧಾನ ಮೈಯಲ್ಲಿ ಎದ್ದು ಕಾಣುತ್ತದೆ.

ಪಾದ ಆದ ಮೇಲೆ ನೋಡುವುದು ಹೊಡೆಯುವ ಕೈಯನ್ನಲ್ಲ, ಹಿಂದಕ್ಕೆ ಎಳೆಯುವ ಕೈಯನ್ನು. ಅದು ಸೊಂಟಕ್ಕೆ ಬಂದು ಮುಷ್ಟಿಯಾಗಿ ಕೂರಬೇಕು. ಗಾಬರಿಯಾದವರ ಆ ಕೈ ಹೊಟ್ಟೆಯ ಮುಂದೆ ತೇಲುತ್ತಿರುತ್ತದೆ. ಆಮೇಲೆ ಕಣ್ಣು. ತಿರುಗುವ ಮೊದಲು ತಲೆ ಆ ಕಡೆ ಹೋಗಬೇಕು.

ಹಳದಿ ಬೆಲ್ಟಿಗೆ ನಿಂತವರಿಂದ ಚೆಂದದ ಕಾತಾವನ್ನು ನಾವು ಕೇಳುವುದಿಲ್ಲ. ತಪ್ಪು ಬಂದರೂ ನಾನು ಬೆಚ್ಚುವುದಿಲ್ಲ. ತಪ್ಪಾದ ಮರುಗಳಿಗೆಯಲ್ಲಿ ಏನು ಮಾಡುತ್ತಾರೆ ಅನ್ನುವುದು ನನಗೆ ಮುಖ್ಯ. ನಾಲಿಗೆ ಕಚ್ಚಿಕೊಳ್ಳುವುದು, ಪಕ್ಕದವರ ಕಡೆ ನೋಡುವುದು, ‘ಸಾರಿ ಸರ್’ ಅನ್ನುವುದು, ನಿಲುವು ಬಿಟ್ಟು ನೆಟ್ಟಗೆ ನಿಂತುಬಿಡುವುದು, ಇವೆಲ್ಲ ತಪ್ಪಿಗಿಂತ ಜಾಸ್ತಿ ಕಾಣುತ್ತವೆ. ಮರೆತರೆ ಆ ನಿಲುವಿನಲ್ಲೇ ಇರಿ. ಮೊಣಕಾಲು ಬಾಗಿಯೇ ಇರಲಿ, ಮುಷ್ಟಿ ಬಿಗಿಯಾಗಿಯೇ ಇರಲಿ. ಒಂದು ಉಸಿರು ತೆಗೆದುಕೊಳ್ಳಿ. ಎಡ ಭುಜ ಹಿಂದಕ್ಕೆ, ಅಷ್ಟೇ. ಪೂರ್ತಿ ದಾರಿ ತಪ್ಪಿದರೆ ಮುಗಿಸಿ, ನಮಸ್ಕರಿಸಿ, ಇನ್ನೊಮ್ಮೆ ಮಾಡಲು ಅವಕಾಶ ಕೇಳಿ. ಬಿಳಿ ಬೆಲ್ಟಿನವರಿಗೆ ಬಹಳ ಕಡೆ ಕೊಡುತ್ತಾರೆ.

ಮಗನ ಪಿಸುಮಾತನ್ನು ಪರೀಕ್ಷೆಯ ದಿನ ನಿಲ್ಲಿಸಲೇಬೇಕು. ಅವನು ಪ್ರೀತಿಯಿಂದಲೇ ಹೇಳುತ್ತಾನೆ, ಆದರೆ ನಿಮ್ಮ ಗಮನ ಅವನ ಬಾಯಿಯ ಕಡೆ ಹೋಗುತ್ತದೆ. ಅವನಿಗೆ ಬೇರೆ ಕೆಲಸ ಕೊಡಿ. ಮನೆಯಲ್ಲಿ ಕೂತು ಅವನು ಆಜ್ಞೆ ಕೂಗಲಿ, ನೀವು ಮಾಡಿ. ಪರೀಕ್ಷೆ ಕಿಹೋನ್‌ನಿಂದ, ಅಂದರೆ ಬಿಡಿ ಚಲನೆಗಳಿಂದ ಶುರುವಾಗುತ್ತದೆ. ಅಲ್ಲಿ ಬಿಳಿ ಬೆಲ್ಟಿನವರು ಎಡವುವುದು ಜಪಾನಿ ಮಾತಿಗೇ. ಯೋಯ್ ಅಂದರೆ ಸಿದ್ಧ. ಹಜಿಮೆ ಅಂದರೆ ಶುರು. ಯಾಮೆ ಅಂದರೆ ನಿಲ್ಲಿಸು. ಮವಾತ್ತೆ ಅಂದರೆ ತಿರುಗು. ಜೋದಾನ್ ಅಂದರೆ ಮುಖದ ಮಟ್ಟ, ಚುದಾನ್ ಎದೆ ಹೊಟ್ಟೆಯ ಮಟ್ಟ, ಗೆದಾನ್ ಅದರ ಕೆಳಗೆ. ಕ್ಲಾಸಿನಲ್ಲಿ ಮುಂದಿನ ಸಾಲಿನವರನ್ನು ನೋಡಿ ಮಾಡಿಬಿಡಬಹುದು. ಪರೀಕ್ಷೆಯಲ್ಲಿ ನೀವೇ ಮುಂದಿನ ಸಾಲು. ಮಗ ಕ್ರಮ ತಪ್ಪಿಸಿ ಕೂಗಲಿ. ಕೇಳಿದ ತಕ್ಷಣ ಕೈ ಏಳಬೇಕು.

ಕೂಗಿನ ನಾಚಿಕೆ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದು ಸಣ್ಣ ವಿಷಯ ಅಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹುಟ್ಟಿದಾಗಿನಿಂದ ‘ಮೆಲ್ಲಕ ಮಾತಾಡು’ ಅಂತ ಹೇಳಿರುತ್ತಾರೆ. ತರಗತಿಯಲ್ಲಿ ಅರವತ್ತು ಮಕ್ಕಳನ್ನು ಒಂದೇ ಮಾತಿಗೆ ಸುಮ್ಮನಾಗಿಸುವ ಶಿಕ್ಷಕಿಯ ದನಿಯೂ ಕರಾಟೆ ಹಾಲಿನಲ್ಲಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಗಂಟಲಿನಿಂದ ಚೀರಲು ಹೋಗಬೇಡಿ, ಅದು ಕೀರಲು ಆಗುತ್ತದೆ. ಕಿಯಾಯ್ ಅಂದರೆ ಹೊಟ್ಟೆ ಬಿಗಿಮಾಡಿ ಉಸಿರನ್ನು ಒಮ್ಮೆಲೇ ಹೊರಗೆ ಹಾಕುವುದು, ಸದ್ದು ಅದರ ಜೊತೆ ತಾನಾಗಿ ಬರುತ್ತದೆ. ಹೊಕ್ಕುಳ ಕೆಳಗೆ ಅಂಗೈ ಇಟ್ಟು ಒಮ್ಮೆ ಜೋರಾಗಿ ಕೆಮ್ಮಿ. ಅಂಗೈ ಕೆಳಗೆ ಬಿಗಿಯಾಯಿತಲ್ಲ, ಕೂಗು ಅಲ್ಲಿಂದ ಏಳಬೇಕು. ಕೈ ಕೊನೆಗೆ ತಲುಪುವುದು ಮತ್ತು ಕೂಗು ಒಂದೇ ಕ್ಷಣಕ್ಕೆ ಆಗಬೇಕು. ಮನೆಯಲ್ಲಿ ಹಿರಿಯರಿದ್ದರೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ಮೊದಲ ವಾರ ಸದ್ದಿಲ್ಲದೆ ಬರೀ ಉಸಿರಿನಲ್ಲಿ ಮಾಡಿ. ಎರಡನೇ ವಾರದಿಂದ ದನಿ ಬಿಡಿ. ಕೂಗಿದ ಮೇಲೆ ಮೂಗಿನಿಂದ ಸ್ವಲ್ಪ ಉಸಿರು ಎಳೆದು ಆಮೇಲೆ ತಿರುಗಿ. ಈ ಅರ್ಧ ಕ್ಷಣ ಸಿಕ್ಕರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕುಮಿತೆ, ಅಂದರೆ ಜೋಡಿ ಕಾದಾಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮ್ಮ ಹಂತದಲ್ಲಿ ಸಾಮಾನ್ಯವಾಗಿ ಗೋಹೋನ್ ಕುಮಿತೆ ಇರುತ್ತದೆ. ಒಬ್ಬರು ಐದು ಹೆಜ್ಜೆ ಮುಂದೆ ಬಂದು ಐದು ಸಲ ಹೊಡೆಯುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾ ತಡೆಯುತ್ತಾರೆ, ಐದನೆಯದಕ್ಕೆ ಎದುರೇಟು ಕೊಡುತ್ತಾರೆ. ಎದುರಿಗೆ ಹತ್ತು ವರ್ಷದ ಮಗು ನಿಂತರೆ ದೊಡ್ಡವರ ಕೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ. ತಾಯಿ ಮನಸ್ಸು, ಅರ್ಥವಾಗುತ್ತದೆ. ಆದರೆ ಪಕ್ಕಕ್ಕೆ ಹೊಡೆದರೆ ಆ ಮಗುವಿಗೆ ತಡೆಯಲು ಏನೂ ಸಿಗುವುದಿಲ್ಲ, ಅದರ ಅಂಕವೂ ಹೋಗುತ್ತದೆ. ನೇರಕ್ಕೇ ಹೊಡೆಯಿರಿ, ಮೈಗೆ ತಾಗುವ ಮೊದಲು ನಿಲ್ಲಿಸಿ. ನಿಮ್ಮ ಎತ್ತರದ ಜೋಡಿ ಇದ್ದರೆ ಕೊಡಿ ಅಂತ ಮಾಸ್ಟರ್ ಹತ್ತಿರ ಈಗಲೇ ಕೇಳಿ.

ಮಕ್ಕಳ ಸಾಲಿನಲ್ಲಿ ನಿಲ್ಲುವ ಸಂಕೋಚಕ್ಕೆ ಒಂದು ಮಾತು. ಹೇಯಾನ್ ಸಾಲಿನ ಕಾತಾಗಳು ಶಾಲೆಯಿಂದಲೇ ಬಂದವು. ಒಕಿನಾವಾದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಂಕೋ ಇತೋಸು ಅವರು ಶಾಲೆಯ ಮಕ್ಕಳಿಗೆ ಕಲಿಸಲೆಂದು ಇವನ್ನು ರೂಪಿಸಿದರು. ಶೋಟೋಕಾನ್‌ಗೆ ದಾರಿ ಹಾಕಿದ ಗಿಚಿನ್ ಫುನಾಕೋಶಿ ನಿಮ್ಮ ಹಾಗೆಯೇ ಶಾಲಾ ಶಿಕ್ಷಕರು. ಅವರು 1868ರಲ್ಲಿ ಹುಟ್ಟಿದವರು, 1922ರಲ್ಲಿ ಟೋಕಿಯೊದಲ್ಲಿ ಕರಾಟೆ ತೋರಿಸಿದಾಗ 53 ವರ್ಷ. ಕರಾಟೆಯಲ್ಲಿ ಬೆಲ್ಟಿನ ಪದ್ಧತಿ ಬಂದದ್ದು ಅದಾದ ಮೇಲೆ. ಜೂಡೋದಲ್ಲಿ ಜಿಗೋರೊ ಕಾನೊ ಶುರು ಮಾಡಿದ್ದ ದಾನ್ ದರ್ಜೆಯನ್ನು, ಅಂದರೆ ಕಪ್ಪು ಬೆಲ್ಟಿನ ಹಂತವನ್ನು, ಫುನಾಕೋಶಿ 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಸಲ ಕೊಟ್ಟರು. ನಮ್ಮ ಕಡೆಯ ಗರಡಿಮನೆಗಳಲ್ಲಂತೂ ಬೆಲ್ಟೇ ಇಲ್ಲ. ಯಾರ ಜೊತೆ ಕುಸ್ತಿ ಹಿಡಿದಿದ್ದಾನೆ ಅನ್ನುವುದರ ಮೇಲೆ ಪೈಲ್ವಾನನ ಬೆಲೆ. ದೊಡ್ಡವರನ್ನು ಮಕ್ಕಳ ಜೊತೆ ಹೋಲಿಸಿ ಅಂಕ ಕೊಡುವ ಪರೀಕ್ಷಕರು ಇರಬಾರದು. ನಿಮ್ಮ ಮೈಯಲ್ಲಿ ನೀವು ಎಷ್ಟು ಸರಿಯಾಗಿ ಮಾಡುತ್ತೀರಿ ಅಂತ ನೋಡಬೇಕು.

ರೊಕ್ಕದ ಮಾತಿಗೆ ಬರೋಣ. ಓಣಿಯವರ ಮಾತಿನಲ್ಲಿ ಅರ್ಧ ನಿಜ ಇದೆ. ಒಳ್ಳೆಯ ಮಾಸ್ಟರ್ ತಯಾರಾಗದವರನ್ನು ಪರೀಕ್ಷೆಗೆ ಕಳಿಸುವುದೇ ಇಲ್ಲ, ಅದಕ್ಕೇ ಕೂತವರಲ್ಲಿ ಹೆಚ್ಚಿನವರು ಪಾಸಾಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಿಂಗಳೆರಡು ತಿಂಗಳಿಗೊಮ್ಮೆ ಪರೀಕ್ಷೆ, ಫೀ ಕಟ್ಟಿದರೆ ಒಂದೇ ಸಲಕ್ಕೆ ಎರಡು ಬೆಲ್ಟ್, ಎಲ್ಲಿ ತಪ್ಪಾಯಿತು ಅಂತ ಯಾರಿಗೂ ಒಂದು ಮಾತು ಹೇಳದೇ ಇರುವುದು, ಇವು ಕಂಡರೆ ಅದು ಅಂಗಡಿ. ಫೀಯಲ್ಲಿ ಬೆಲ್ಟ್, ಸರ್ಟಿಫಿಕೇಟ್ ಎರಡೂ ಸೇರಿವೆಯೇ, ಫೇಲಾದರೆ ಮತ್ತೆ ಕಟ್ಟಬೇಕೇ, ಪರೀಕ್ಷಕರು ಯಾರು, ಯಾವ ಸಂಘದ ಸರ್ಟಿಫಿಕೇಟ್ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಶಾಲೆಯಲ್ಲಿ ಮಕ್ಕಳ ಪಾಲಕರು ನಿಮ್ಮನ್ನು ಕೇಳುತ್ತಾರಲ್ಲ, ಹಾಗೆಯೇ.

ಸರ್ಟಿಫಿಕೇಟಿನ ಬೆಲೆ ಅದನ್ನು ಕೊಟ್ಟ ಸಂಘದೊಳಗೆ. ಬೇರೆ ಸಂಘಕ್ಕೆ ಹೋದರೆ ಅವರು ಮತ್ತೆ ಪರೀಕ್ಷೆ ಮಾಡಬಹುದು. ಬಣ್ಣದ ಕ್ರಮವೂ ಎಲ್ಲ ಕಡೆ ಒಂದೇ ಇಲ್ಲ. ಕ್ರೀಡಾ ಕೋಟಾಕ್ಕೆ ಲೆಕ್ಕಕ್ಕೆ ಬರುವುದು ಮಾನ್ಯತೆ ಇರುವ ಸ್ಪರ್ಧೆಗಳಲ್ಲಿ ಆಡಿದ್ದು, ಗೆದ್ದದ್ದು. ಬೆಲ್ಟಿನ ಬಣ್ಣ ಅಲ್ಲ. ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ್ ಜೂಡೋ ಕಲಿತು ಬೆಳೆದ ಹುಡುಗಿ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಜೂಡೋ ಹೋಲುವ ಕುಸ್ತಿಯಾದ ಕುರಾಶ್‌ನ 52 ಕೆ.ಜಿ. ವಿಭಾಗದಲ್ಲಿ ಕಂಚು ತಂದರು. ಜನ ನೆನಪಿಟ್ಟುಕೊಂಡದ್ದು ಆ ಪದಕವನ್ನು. ಮಗನಿಗೆ ಆಸಕ್ತಿ ಇದ್ದರೆ ಬೆಲ್ಟಿನ ಜೊತೆಗೆ ಸ್ಪರ್ಧೆಯ ದಾರಿಯನ್ನೂ ಮಾಸ್ಟರ್ ಹತ್ತಿರ ಮಾತಾಡಿ.

ಪರೀಕ್ಷೆಯ ದಿನದ ಸಣ್ಣ ಪುಟ್ಟ ವಿಷಯಗಳು. ಕಾಲುಂಗುರ ತೆಗೆಯಿರಿ. ತಿರುಗುವಾಗ ಅದು ಫರಸಿಗೆ ಸಿಕ್ಕು ಬೆರಳು ಉಳುಕುತ್ತದೆ, ಒದ್ದರೆ ಎದುರಿನವರಿಗೂ ಗಾಯ. ತೆಗೆಯಲು ಮನಸ್ಸಿಲ್ಲದಿದ್ದರೆ ಮಾಸ್ಟರ್‌ಗೆ ಕೇಳಿ ಅದರ ಮೇಲೆ ಬಟ್ಟೆಯ ಪ್ಲಾಸ್ಟರ್ ಸುತ್ತಿ. ಗಾಜಿನ ಬಳೆ ಬೇಡವೇ ಬೇಡ. ಕರಿಮಣಿಯನ್ನು ಮನೆಯಲ್ಲಿ ಇಟ್ಟು ಬರುವುದು ವಾಸಿ, ಆ ನಿರ್ಧಾರ ನಿಮ್ಮದು. ಡ್ರೆಸ್ಸಿನ ಒಳಗೆ ಬಿಳಿ ಟೀ ಶರ್ಟ್, ಕೂದಲಿಗೆ ಲೋಹದ ಕ್ಲಿಪ್ ಬದಲು ರಬ್ಬರ್ ಬ್ಯಾಂಡ್. ಬೆಲ್ಟಿನ ಎರಡು ತುದಿ ಸಮ ಇರಲಿ. ಪರೀಕ್ಷೆ ಕಲ್ಯಾಣ ಮಂಟಪದಲ್ಲಿದ್ದರೆ ನೆಲದಲ್ಲಿ ಧೂಳು ಇದ್ದೇ ಇರುತ್ತದೆ, ಒದ್ದೆ ಬಟ್ಟೆ ಒಯ್ದು ನಿಮ್ಮ ಸರದಿಗೆ ಮೊದಲು ಅಂಗಾಲು ಒರೆಸಿಕೊಳ್ಳಿ. ಬೆಳಿಗ್ಗೆ ಎರಡು ತಾಸು ಮೊದಲು ಅವಲಕ್ಕಿ, ಉಪ್ಪಿಟ್ಟು ಏನಾದರೂ ಹಗುರವಾಗಿ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಹಾಲಿನಲ್ಲಿ ಸರದಿ ಕಾಯುತ್ತಾ ಕೂತೇ ಸುಸ್ತಾಗುತ್ತದೆ. ಉಪ್ಪು, ಸಕ್ಕರೆ ಹಾಕಿದ ನಿಂಬೆ ನೀರು ಜೊತೆಗಿರಲಿ.

ಕೊನೆಯದಾಗಿ ಆ ಷರತ್ತು. ಕ್ಲಾಸ್ ಮುಗಿದ ಮೇಲೆ ಸ್ವಲ್ಪ ನೋವು ಬಂದು ಬೆಳಿಗ್ಗೆಗೆ ಹೋಗುತ್ತಿದ್ದರೆ ಪರೀಕ್ಷೆಗೆ ತೊಂದರೆ ಇಲ್ಲ. ಮಾಸ್ಟರ್ ಮೂಲಕ ಪರೀಕ್ಷಕರಿಗೆ ಮೊದಲೇ ತಿಳಿಸಿ, ನಿಲುವು ತುಸು ಎತ್ತರ ಇಟ್ಟುಕೊಳ್ಳಿ, ಮಾಯೆ ಗೇರಿಯನ್ನು, ಅಂದರೆ ಮುಂದಕ್ಕೆ ಒದೆಯುವ ಒದೆತವನ್ನು, ಸೊಂಟದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ. ಆದರೆ ಮೊಣಕಾಲು ಬಾತುಕೊಳ್ಳುತ್ತಿದ್ದರೆ, ಮಡಚಿದಾಗ ಸಿಕ್ಕಿಕೊಂಡಂತಾದರೆ, ಮೆಟ್ಟಿಲು ಇಳಿಯುವಾಗ ಕಾಲು ಕೈಕೊಟ್ಟಂತಾದರೆ ಮೂಳೆ ಡಾಕ್ಟರಿಗೆ ತೋರಿಸುವ ತನಕ ತಿರುವಿನ ಅಭ್ಯಾಸವನ್ನೂ ನಿಲ್ಲಿಸಿ, ಪರೀಕ್ಷೆಯನ್ನೂ ಮುಂದಕ್ಕೆ ಹಾಕಿ. ಈ ವಾರವೇ ತೋರಿಸಿಬಿಡಿ. ಹೆಸರು ಕೊಡುವ ಕೊನೆಯ ದಿನಕ್ಕೆ ಮೊದಲು ನಿಮ್ಮ ಕೈಯಲ್ಲಿ ಉತ್ತರ ಇದ್ದರೆ ಫೀ ಕಟ್ಟಬೇಕೋ ಬೇಡವೋ ಅನ್ನುವುದೂ ತೀರ್ಮಾನವಾಗುತ್ತದೆ.